ಚಿಕ್ಕಪ್ಪನ ಮೇಲ್ ಸರ್ವರ್

ಹಾಲ್ಕುರಿಕೆಯ ನಮ್ಮ ಚಿಕ್ಕಪ್ಪನ ಕೊಬ್ಬರಿ ವ್ಯವಹಾರಕ್ಕೆ ಸ್ವಂತ ಡೊಮೈನು, ಸ್ವಂತ ಮೇಲ್ ಸರ್ವರ್ ಇದೆ ಅಂದ್ರೆ ನನ್ನ ಆಫೀಸಿನಲ್ಲಿ ಯಾರೂ ನಂಬಲ್ಲ. ಬಾಡಿಗೆಯ ಪುಟ್ಟ ಸರ್ವರ್, ಅದರಲ್ಲಿ ಪೋಸ್ಟ್‌ಫಿಕ್ಸ್, ಡವ್‌ಕಾಟ್, ಸ್ಪ್ಯಾಮ್ ಅಸಾಸಿನ್. ನೋಡಿಕೊಳ್ಳೋದು ನಾನು. ಸುಮ್ನೆ ಜೀಮೇಲ್ ಇಟ್ಕೊಳ್ಳಬಾರದಾ ಅಂತ ಕೇಳಬೇಡಿ. ಕೆಲವರು ಮನೆಯಲ್ಲಿ ಹಳೇ ಲ್ಯಾಂಬ್ರೆಟಾ ಇಟ್ಕೊಂಡಿರ್ತಾರಲ್ಲ, ಹಾಗೆ.

ಈ ಸಲ ಬೇಸಿಗೆಯಲ್ಲಿ ಉತ್ತರದ ಕಡೆಯ ವ್ಯಾಪಾರಿಯೊಬ್ಬರು ಉಂಡೆ ಕೊಬ್ಬರಿ ಬೇಕು ಅಂತ ಬರೆದ ಮೇಲ್ ಮೂರು ದಿನ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿತ್ತು. ನೋಡೋ ಹೊತ್ತಿಗೆ ಲೋಡು ಬೇರೆಯವರ ಪಾಲಾಗಿತ್ತು. ತೆಗೆದು ನೋಡಿದ್ರೆ ಸಬ್ಜೆಕ್ಟ್ ಪೂರ್ತಿ ಕ್ಯಾಪಿಟಲ್ ಅಕ್ಷರ, ಒಳಗೆ 'ಅರ್ಜೆಂಟ್', 'ಬೆಸ್ಟ್ ಪ್ರೈಸ್', 'ಅಡ್ವಾನ್ಸ್ ಪೇಮೆಂಟ್'. ಅವರ ಡೊಮೈನಿಗೆ ಎಸ್‌ಪಿಎಫ್ ಇಲ್ಲ, ಡಿಕಿಮ್ ಸಹಿಯೂ ಇಲ್ಲ. ಲಾಟರಿ ಬಂತು ಅನ್ನೋನ ಮೇಲಿಗೂ ಇದಕ್ಕೂ ಮೇಲ್ನೋಟಕ್ಕೆ ಏನೂ ವ್ಯತ್ಯಾಸವಿಲ್ಲ.

ಚಿಕ್ಕಪ್ಪ ಫೋನಿನಲ್ಲೇ ಶುರು ಮಾಡಿದ್ರು: "ಅಟ್ಟದ ಮೇಲಿನ ಕಾಯಿ ಅಲ್ಲಾಡ್ಸಿದ್ರೆ ಸದ್ದಲ್ಲೇ ಗೊತ್ತಾಗುತ್ತೆ ಕಣ್ಲಾ, ಕೊಬ್ಬರಿ ಆಗಿದೆಯೋ ಇಲ್ವೋ ಅಂತ. ನಿನ್ ಮಿಷಿನ್ಗೆ ಅಷ್ಟೂ ಬರಲ್ವಾ?"

ಸುಲಭದ ದಾರಿ ಒಂದಿದೆ. 5 ಅಂಕ ದಾಟಿದ್ದು ಸ್ಪ್ಯಾಮ್ ಅನ್ನೋ ಮಾಮೂಲಿ ಮಿತಿಯನ್ನ 8ಕ್ಕೆ ಏರಿಸಿಬಿಡೋದು. ಆಗ ಕಸವೆಲ್ಲ ಒಳಗೆ. ಅದರ ಬದಲು ಬೇಯ್ಸ್ ಫಿಲ್ಟರನ್ನ ಪಳಗಿಸೋದು ವಾಸಿ. 2002ರಲ್ಲಿ ಪಾಲ್ ಗ್ರಹಾಂ ಬರೆದ ಲೇಖನದಿಂದ ಜನಪ್ರಿಯವಾದ ಉಪಾಯ ಇದು: ಯಾವ ಪದ ನಿಮ್ಮ ಒಳ್ಳೆ ಮೇಲಿನಲ್ಲಿ ಎಷ್ಟು ಸಲ, ಕೆಟ್ಟದ್ದರಲ್ಲಿ ಎಷ್ಟು ಸಲ ಅಂತ ಲೆಕ್ಕ ಇಡೋದು. 'ಕ್ವಿಂಟಾಲ್' ಅನ್ನೋದು ನಿಮಗೆ ಏನೂ ಅಲ್ಲ, ಚಿಕ್ಕಪ್ಪನಿಗೆ ಚಿನ್ನ.

ಆದ್ರೆ 200 ಒಳ್ಳೆಯವು, 200 ಕೆಟ್ಟವು ಕಲಿಸೋ ತನಕ ಬೇಯ್ಸ್ ಬಾಯಿ ಬಿಡಲ್ಲ. ಕೆಟ್ಟವು ಸಲೀಸಾಗಿ ಸಿಕ್ಕವು. ಒಳ್ಳೆಯವು? ವ್ಯಾಪಾರದ ಮಾತೆಲ್ಲ ವಾಟ್ಸಾಪಿಗೆ ಹೋಗಿದೆ. ಹಳೇ ಇನ್‌ವಾಯ್ಸು, ಲಾರಿ ರಸೀದಿ ಕಳಿಸಿದ್ದು, ಮದುವೆ ಕರೆಯೋಲೆ ಎಲ್ಲ ಗುಡ್ಡೆ ಹಾಕಿದೆ. ಕನ್ನಡದ್ದು ಇನ್ನೊಂದು ಪೇಚು. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಚಿಹ್ನೆಗೂ 3 ಬೈಟು. 'ಕೊಬ್ಬರಿ' ಅನ್ನೋದಕ್ಕೇ 21. ಉದ್ದ ಪದ ಅಂತ ಫಿಲ್ಟರ್ ಅದನ್ನ ಚೂರು ಚೂರು ಮಾಡಿ ಲೆಕ್ಕ ಇಡ್ತಿತ್ತು. ಚೂರೇ ಆದರೂ ಪರವಾಗಿಲ್ಲ, ಕೆಲಸಕ್ಕೆ ಬಂತು.

ಈಗ ಚಿಕ್ಕಪ್ಪ ಒಂದು ಮೇಲನ್ನ ಸ್ಪ್ಯಾಮ್ ಫೋಲ್ಡರಿನಿಂದ ಇನ್‌ಬಾಕ್ಸಿಗೆ ಎಳೆದ್ರೆ ಸಾಕು, ಸರ್ವರ್ ಅದನ್ನ ಒಳ್ಳೆಯದು ಅಂತ ಕಲಿಯುತ್ತೆ. ಆ ವ್ಯಾಪಾರಿ ಮತ್ತೆ ಬರೆದ್ರು, ನೇರ ಇನ್‌ಬಾಕ್ಸಿಗೇ ಬಂತು. ದರ ಕುದುರಲಿಲ್ಲ, ಅದು ಬೇರೆ ಮಾತು.

ಎಳೆಯೋದು ಅಭ್ಯಾಸ ಆದ್ಮೇಲೆ ಚಿಕ್ಕಪ್ಪ ಷಡ್ಡಕನ ಶುಭೋದಯದ ಮೇಲುಗಳನ್ನೂ ಸ್ಪ್ಯಾಮಿಗೆ ಎಳೀತಿದಾರೆ. ಕಲಿತದ್ದನ್ನ ಮರೆಸೋ ಆಜ್ಞೆಯೂ ಸ್ಪ್ಯಾಮ್ ಅಸಾಸಿನ್‌ನಲ್ಲಿದೆ. ಇನ್ನೂ ಕೊಟ್ಟಿಲ್ಲ.