ಸವಳಂಗದಲ್ಲಿ ಇಳಿದು

ಶಿವಮೊಗ್ಗದವರಿಗೆ ಸವಳಂಗ ಎಂದರೆ ಮೊದಲು ನೆನಪಾಗುವುದು ರಸ್ತೆ. ಸವಳಂಗ ರಸ್ತೆಯ ನರ್ಸಿಂಗ್ ಹೋಂ, ಸವಳಂಗ ರಸ್ತೆಯ ಸೈಟು, ಸವಳಂಗ ರಸ್ತೆಯ ಬಾಡಿಗೆ ಮನೆ. ಅದೇ ರಸ್ತೆ ಹಿಡಿದು ಸುಮಾರು 25 ಕಿ.ಮೀ. ಹೋದರೆ ಆ ಹೆಸರಿನ ಊರೇ ಇದೆ, ಅಲ್ಲೊಂದು ಹೈಸ್ಕೂಲೂ ಇದೆ. ನಾನು ಮತ್ತು ನನ್ನ ಗೆಳೆಯ ಓದಿದ್ದು ಅಲ್ಲಿ. ಅವನು ತೀರಿಕೊಂಡ ಸುದ್ದಿ ಮಳೆಗಾಲದಲ್ಲೇ ಬಂದಿತ್ತು, ಹೊರಡುವಾಗ ಜನವರಿಯಾಗಿತ್ತು.

ಶಿಕಾರಿಪುರದ ಬಸ್ಸು. ಹಿಂದೆ ರೈಲ್ವೆ ಗೇಟು ಬಿದ್ದರೆ ಶೇಂಗಾ ಮಾರುವ ಹುಡುಗರು ಹತ್ತುತ್ತಿದ್ದರು; ಈಗ ಮೇಲ್ಸೇತುವೆ, ಡ್ರೈವರಿಗೆ ನಿಲ್ಲಿಸುವ ನೆಪವೇ ಇಲ್ಲ. ನವುಲೆಯ ಇಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು, ಆಮೇಲೆ ಅಬ್ಬಲಗೆರೆ. ಅಲ್ಲಿಂದಾಚೆ ಕೊಯ್ಲು ಮುಗಿದ ಮೆಕ್ಕೆಜೋಳದ ಹೊಲಗಳು, ನಡುನಡುವೆ ಅಡಿಕೆ. ನಮ್ಮ ಕಾಲಕ್ಕೆ ಈ ಕಡೆ ಅಡಿಕೆ ಇಷ್ಟಿರಲಿಲ್ಲ. ಬೋರ್‌ವೆಲ್ ಇಳಿದಲ್ಲೆಲ್ಲ ಅಡಿಕೆ ಎದ್ದಿದೆ.

ಸವಳಂಗದ ಸರ್ಕಲ್ಲಿನಲ್ಲಿ ಇಳಿದು ಮಂಡಕ್ಕಿ ಮಿರ್ಚಿ ತಿಂದೆ. ಒಂದು ದಾರಿ ಶಿವಮೊಗ್ಗಕ್ಕೆ, ಒಂದು ಶಿಕಾರಿಪುರಕ್ಕೆ, ಇನ್ನೊಂದು ನ್ಯಾಮತಿ ಮೇಲೆ ಹೊನ್ನಾಳಿಗೆ. ನಾವು ಎಸ್ಸೆಸ್ಸೆಲ್ಸಿ ಬರೆಯುವಾಗ ಇದು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. 1997ರ ಆಗಸ್ಟ್‌ನಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ಎರಡೂ ಅಲ್ಲಿಗೆ ಹೋದವು. ಈಗ ನ್ಯಾಮತಿಯೇ ತಾಲ್ಲೂಕು. ಆಸ್ಪತ್ರೆಗೆ, ಮದುವೆ ಜವಳಿಗೆ ಜನ ಇವತ್ತಿಗೂ ಶಿವಮೊಗ್ಗಕ್ಕೇ ಹೋಗುತ್ತಾರೆ, ಜಿಲ್ಲಾ ಕಚೇರಿಯ ಕೆಲಸವಿದ್ದರಷ್ಟೇ ದಾವಣಗೆರೆ. ಅವನು ಇದನ್ನು ಹೇಳಿ ನಗುತ್ತಿದ್ದ: “ತಾಂಡಾದೋರು ಊರು ಬಿಡ್ತಾರೆ ಅಂತಾರಲ್ಲೋ, ಈ ಸಲ ನಾವು ಕೂತಲ್ಲೇ ಕೂತಿದ್ವಿ, ಜಿಲ್ಲೆನೇ ಎದ್ದು ಹೋಯ್ತು.”

ಅವನ ತಾಂಡಾ ಸುರಗೊಂಡನಕೊಪ್ಪದ ಕಡೆ. ಬಂಜಾರರು ಸಂತ ಸೇವಾಲಾಲರು ಹುಟ್ಟಿದ ನೆಲವೆಂದು ಕೈಮುಗಿಯುವ ಊರು ಅದು. 1739ರ ಫೆಬ್ರವರಿ 15 ಜನ್ಮದಿನವೆಂಬುದು ಅವರ ಲೆಕ್ಕ. ಜಯಂತಿಗೆ ಮಾಲೆ ಧರಿಸಿದವರು ದೂರದೂರದಿಂದ ನಡೆದು ಬರುತ್ತಾರೆ. ಆಟೋದಲ್ಲಿ ಹೋಗಿ ಗುಡಿಯ ಮುಂದೆ ಇಳಿದಾಗ ಜಯಂತಿಯ ತಯಾರಿ ಇನ್ನೂ ಶುರುವಾಗಿರಲಿಲ್ಲ. ಬಿಳಿ ಬಾವುಟವೊಂದು, ನೆರಳಿಗೆ ಮಲಗಿದ ನಾಯಿಗಳು.

ತಾಂಡಾದಲ್ಲಿ ಅರ್ಧಕ್ಕರ್ಧ ಮನೆಗೆ ಬೀಗ. ಕಾಫಿ ಕೊಯ್ಲಿನ ಕಾಲ. ದೀಪಾವಳಿ ಕಳೆಯುತ್ತಿದ್ದಂತೆ ಇಲ್ಲಿಯ ಜನ ಪಾತ್ರೆಪಡಗ ಕಟ್ಟಿಕೊಂಡು ಚಿಕ್ಕಮಗಳೂರು ಕಡೆಯ ಎಸ್ಟೇಟುಗಳಿಗೆ ಹೋಗುತ್ತಾರೆ. ಅವನ ಅಪ್ಪ ಅಮ್ಮನೂ ಹೋಗುತ್ತಿದ್ದರು. ಒಂಬತ್ತನೇ ಕ್ಲಾಸಿನಲ್ಲಿ ಅವನು ಅಜ್ಜಿಗೆ ರೊಟ್ಟಿ ತಟ್ಟಿಟ್ಟು ಶಾಲೆಗೆ ನಡೆದು ಬರುತ್ತಿದ್ದ. ಉಗುರಿನ ಸಂದಿಯಲ್ಲಿ ಹಿಟ್ಟು ಹಾಗೇ ಇರುತ್ತಿತ್ತು. ಯಾರಾದರೂ ಕೆಣಕಿದರೆ “ನಿಮ್ಮವ್ವ ತಟ್ಟಿದ್ದು ಹರಿದಿರ್ತದೆ, ನಂದು ನೋಡು ಬಾ” ಅನ್ನುತ್ತಿದ್ದ. ದೊಡ್ಡವನಾದ ಮೇಲೆ ಘಟ್ಟದ ಮುಖ ನೋಡುವುದಿಲ್ಲ ಎಂದು ಆಣೆ ಹಾಕಿದ್ದ.

ಕಡೆಗೆ ಆದದ್ದು ಮೇಸ್ತ್ರಿ. ಎಸ್ಟೇಟಿನಿಂದ ಮುಂಗಡ ತಂದು ಮನೆಮನೆಗೆ ಹಂಚುವುದು, ಹೊತ್ತಿಗೆ ಸರಿಯಾಗಿ ಆಳು ಹತ್ತಿಸಿ ಕಳಿಸುವುದು. ಮುಂಗಡ ಅಂದರೆ ಸಾಲವೇ. ತೀರುವವರೆಗೆ ದುಡಿಯಬೇಕು, ಎಷ್ಟೋ ಸಲ ತೀರುವುದೂ ಇಲ್ಲ. ಫೋನಿನಲ್ಲಿ ಒಮ್ಮೆ ಜಗಳವಾಡಿದ್ದೆ. “ನಾನು ಬಿಟ್ರೆ ಬೇರೆಯವ್ನು ಬರ್ತಾನೆ. ಅವ್ನು ಲೆಕ್ಕ ತೋರಿಸ್ತಾನಾ?” ಅಂದಿದ್ದ. ನನಗೆ ಆ ಮಾತು ಆಗಲೂ ಪೂರ್ತಿ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ.

ಅವನ ಅಮ್ಮ ಜಗಲಿಯಲ್ಲಿ ಕೂತಿದ್ದರು. “ಯಾಡಿ” ಎಂದೆ. ಅವನು ಕರೆಯುತ್ತಿದ್ದದ್ದು ಹಾಗೆ. ಗುರುತು ಹತ್ತುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

“ಲೆಕ್ಕದ ಹುಡ್ಗ ಅಲ್ಲೇನು? ಕೂರಪ್ಪಾ.”

ನಾನು ಲೆಕ್ಕದಲ್ಲಿ ಚುರುಕೆಂದು ಅವನು ಮನೆಯಲ್ಲಿ ಹೇಳಿದ್ದನಂತೆ. ಚಹಾ ಬಂತು. ಮಾತು ಮಗನ ಎದೆನೋವಿಗಿಂತ ಹೆಚ್ಚಾಗಿ ಅವನ ಹಟದ ಬಗ್ಗೆಯೇ ಹೋಯಿತು. ಹೈಸ್ಕೂಲಿಗೆ ಹೋಗುವ ಮಕ್ಕಳನ್ನು ಅವನು ಗಾಡಿ ಹತ್ತಿಸುತ್ತಿರಲಿಲ್ಲ. ಕೈ ಹೆಚ್ಚಾದರೆ ಕೂಲಿ ಹೆಚ್ಚು ಎಂದು ಹೆತ್ತವರೇ ಬೈದರೂ ಬಿಡುತ್ತಿರಲಿಲ್ಲ. ಅದಕ್ಕೇ ಕೆಲವರು ಬೇರೆ ಮೇಸ್ತ್ರಿಯ ಹತ್ತಿರ ಹೋದರು. “ಲಾಸ್ ಮಾಡ್ಕೊಂಡ,” ಎಂದರು ಯಾಡಿ. ದೂರೋ ಹೆಮ್ಮೆಯೋ ತಿಳಿಯಲಿಲ್ಲ.

ಅವನ ಮಗಳು ಒಳಗಿನಿಂದ ಮುಂಗಡದ ಪುಸ್ತಕ ತಂದಿಟ್ಟಳು. ನ್ಯಾಮತಿಯಲ್ಲಿ ಪಿಯುಸಿ, ಕಾಮರ್ಸು. ಅಕ್ಷರ ಅವನದೇ, ಹತ್ತನೇ ಕ್ಲಾಸಿನ ಹಾಗೇ ಎಡಕ್ಕೆ ವಾಲಿದ್ದು. ಇಬ್ಬರೂ ಕೂತು ಕೂಡುತ್ತಾ ಹೋದೆವು. ಎರಡು ಕಡೆ ನಾನು ಕೂಡಿದ್ದು ತಪ್ಪೆಂದು ಅವಳೇ ತಿದ್ದಿದಳು.

“ಇದ್ರಲ್ಲಿ ಎಷ್ಟು ಬರ್ತದೆ ಅಂತೀಯಾ?” ಎಂದೆ.

“ಎಲ್ಲಾ ಬರಲ್ಲ ಅಂಕಲ್. ಘಟ್ಟಕ್ಕೆ ಹೋದವ್ರು ಜಯಂತಿಗೆ ಬಂದೇ ಬರ್ತಾರೆ, ಆಗ ಕೇಳ್ತೀನಿ. ಈ ಮೂರು ಮನೆಯವ್ರನ್ನ ಮಾತ್ರ ಕೇಳಲ್ಲ, ಅವ್ರ ಮಕ್ಕಳು ನನ್ನ ಕ್ಲಾಸು.”