ಕೊಟ್ಟಿಗೆ ದಾರಿಗೆ 10 ಮೀಟರ್ ಬೆಳಕು

ಪಾವಗಡ ಅಂದ್ರೆ ಈಗ ಎಲ್ಲರಿಗೂ ಸೋಲಾರ್ ಪಾರ್ಕ್: ತಿರುಮಣಿ ಸುತ್ತ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅದೇ ತಾಲ್ಲೂಕಿನ ನಮ್ಮ ಗೆಳೆಯನ ಅಜ್ಜಿ ಮಾತ್ರ ರಾತ್ರಿ ಕೊಟ್ಟಿಗೆಗೆ ಕತ್ತಲಲ್ಲಿ ತಡಕಾಡಿಕೊಂಡೇ ಹೋಗ್ತಿದ್ರು. ಹಾವು ಚೇಳಿನ ಊರು ಬೇರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಾವು ನಾಲ್ವರು ದೀಪಾವಳಿ ರಜೆಯಲ್ಲಿ ಅಲ್ಲಿ ಎಲ್‌ಇಡಿ ಸ್ಟ್ರಿಪ್ ಹಾಕಿದೆವು.

ಬೇಕಿದ್ದದ್ದು 10 ಮೀಟರ್. ಮೀಟರಿಗೆ 4.8 ವ್ಯಾಟ್‌ನಂತೆ ಒಟ್ಟು 48. 12 ವೋಲ್ಟಿಗೆ 4 ಆಂಪಿಯರ್. ಸ್ವಲ್ಪ ಮಿಗಲಿ ಅಂತ 5 ಆಂಪಿಯರಿನ ಅಡಾಪ್ಟರ್ ತಂದು ಮನೆಯೊಳಗೇ ಇಟ್ಟೆವು. ಹೊರಗೆ ನೀರು ಸಿಡಿದರೂ ತಡೆಯುವ ಐಪಿ65 ಸ್ಟ್ರಿಪ್. ಕತ್ತರಿ ಗುರುತಿದ್ದಲ್ಲೇ ಕತ್ತರಿಸಿ, ತುದಿಗಳಿಗೆ ಸಿಲಿಕೋನ್ ಮೆತ್ತಿದೆವು. ಒಂದೇ ತುದಿಯಿಂದ ಕರೆಂಟ್ ಕೊಟ್ಟರೆ ತೆಳು ತಾಮ್ರದಲ್ಲೇ ವೋಲ್ಟೇಜ್ ಇಳಿದು ಕೊನೇ ದೀಪ ಮಂಕಾಗುತ್ತೆ. ಅದಕ್ಕೇ 5 ಮೀಟರಿನ ಎರಡು ತುಂಡು ಮಾಡಿ, ನಡುವಿನಿಂದ ಕೊಟ್ಟೆವು.

ಪಾರ್ಕಿನ ಕರೆಂಟ್ 400 ಕಿಲೋವೋಲ್ಟಿಗೆ ಏರಿ ದೂರ ಹೊರಡುವುದೂ ಇದೇ ಲೆಕ್ಕಕ್ಕೆ: ವೋಲ್ಟೇಜ್ ಹೆಚ್ಚಿದಷ್ಟೂ ಆಂಪಿಯರ್ ಕಡಿಮೆ, ದಾರಿಯಲ್ಲಿ ಸೋರುವುದೂ ಕಡಿಮೆ. ಪರೀಕ್ಷೆಗೆ ಉರು ಹೊಡೆದ ಐ ಸ್ಕ್ವೇರ್ ಆರ್ ಆ ಅಂಗಳದಲ್ಲಿ ನಮಗೆ ಅರ್ಥವಾಯಿತು.

ಈ ಸಲ ಊರಿಗೆ ಹೋದಾಗ ಮನೆಯ ಕತ್ತಲೆ ಮೂಲೆ ಯಾವುದು ಅಂತ ಮೊದಲು ಹುಡುಕಿ. ಬಣ್ಣ ಬದಲಿಸೋ ರಿಮೋಟ್ ಆಮೇಲೆ ತಂದರಾಯ್ತು.