ಮಾವನ ಊರಿನ ದುರ್ಗ

ಷಷ್ಟಿಪೂರ್ತಿಗೂ ಭೀಮರಥ ಶಾಂತಿಗೂ ನಮ್ಮಲ್ಲಿ ಶಾಸ್ತ್ರೋಕ್ತವಾದ ಸ್ಥಾನವುಂಟು. ಮದುವೆಯಾದ ದಿನವನ್ನು ವರ್ಷವರ್ಷವೂ ಕೊಂಡಾಡಬೇಕೆಂಬ ವಿಧಿಯನ್ನು ಮಾತ್ರ ಹಿರಿಯರು ಎಲ್ಲಿಯೂ ಬರೆದಿಟ್ಟಂತೆ ಕಾಣುವುದಿಲ್ಲ. ಪ್ರಾಯಶಃ ಆ ದಿನವನ್ನು ದಂಪತಿಗಳು ಮರೆಯುವ ಸಂಭವವಿಲ್ಲವೆಂದೋ, ಮರೆತ ಪಕ್ಷದಲ್ಲಿ ತಕ್ಕ ಪ್ರಾಯಶ್ಚಿತ್ತವು ಮನೆಯೊಳಗೇ ದೊರೆಯುವುದೆಂದೋ ಅವರು ಸುಮ್ಮನಿದ್ದಿರಬೇಕು. ನಮ್ಮ ಮಕ್ಕಳಾದರೋ ಹೊಸ ಕಾಲದವರು. ಬೆಂಗಳೂರಿನ ಹೋಟೆಲೊಂದರಲ್ಲಿ ನಮ್ಮ ಕೈಯಿಂದ ಕೇಕು ಕತ್ತರಿಸುವ ಏರ್ಪಾಟು ಮಾಡಹೊರಟಿದ್ದರು. ನನ್ನಾಕೆ ಅದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿ, ಇಂಗ್ಲಿಷ್ ತಾರೀಖನ್ನೂ ಬದಿಗಿರಿಸಿ, ಮಾಘಮಾಸದ ತಿಥಿಯನ್ನೇ ಹಿಡಿದು, ಆ ದಿನ ಹುತ್ರಿದುರ್ಗಕ್ಕೆ ಹೋಗಿಬರುವುದೆಂದು ನಿಶ್ಚಯಿಸಿದಳು.

ಆಕೆ ನನ್ನ ಸೋದರಮಾವನ ಮಗಳು. ಆ ಬೆಟ್ಟದ ತಪ್ಪಲಿನಲ್ಲಿ ಹುಟ್ಟಿ ಬೆಳೆದವಳು ಅವಳು. ಬೇಸಗೆಯ ರಜೆ ಬಂತೆಂದರೆ ತಾಯಿಯೊಡನೆ ಬಂದು ಅಜ್ಜಿಯ ಮನೆಯ ಹಜಾರದಲ್ಲಿ ಠಿಕಾಣಿ ಹೂಡುತ್ತಿದ್ದವನು ನಾನು. ಆದ್ದರಿಂದ ನಮ್ಮಿಬ್ಬರ ಬಾಲ್ಯವೂ ಒಂದೇ ಸೀಮೆಯದೆಂದು ಇಷ್ಟು ವರ್ಷಗಳ ದಾಂಪತ್ಯದಲ್ಲಿ ನಾನು ಸಲೀಸಾಗಿ ನಂಬಿಕೊಂಡು ಬಂದಿದ್ದೆ.

ಜನಪದರ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ಲಿನ ಕೆರೆಯನ್ನೂ, ಹೈದರ್–ಟಿಪ್ಪುಗಳ ಕಾಲದಿಂದ ಹೆಸರಾದ ಅಲ್ಲಿಯ ಕುದುರೆ ಫಾರಂ ಅನ್ನೂ ಹಿಂದಕ್ಕೆ ಬಿಟ್ಟು, ಬಾಡಿಗೆಯ ಕಾರು ಮಾಗಡಿಯ ದಿಕ್ಕಿಗೆ ತಿರುಗಿದೊಡನೆ, ರಾಗಿಯ ಕಣಗಳೂ ಹುಲ್ಲಿನ ಬಣವೆಗಳೂ ಕಾಯಿ ಜೋತ ಹುಣಸೆಯ ಮರಗಳೂ ಒಂದೊಂದಾಗಿ ಎದುರಾದವು. ಈ ಹುಣಸೆ ಬಲು ಹುಳಿ, ಆ ಮರದ್ದು ಪರವಾಗಿಲ್ಲ, ಅಗೋ ಆ ಹೊಲದ ಬದುವಿನಲ್ಲಿ ಹುಚ್ಚೆಳ್ಳು ಹಾಕುತ್ತಿದ್ದರು ಎಂದು ಆಕೆ ಹೇಳುತ್ತ ಹೋದಳು. ನನಗೆ ಕಂಡದ್ದು ಬೆಟ್ಟವೊಂದೇ. ಹೆಚ್ಚುಕಡಮೆ 3,700 ಅಡಿಗಳ ಎತ್ತರಕ್ಕೆ ತಲೆಯೆತ್ತಿ, ಮೈಯೆಲ್ಲ ಬೋಳುಬಂಡೆಯಾಗಿ, ನೆತ್ತಿಯ ಮೇಲೆ ಶಂಕರೇಶ್ವರನ ಗುಡಿಯನ್ನು ಹೊತ್ತು ನಿಂತಿರುವ ಅದರ ಗಾಂಭೀರ್ಯಕ್ಕೆ ಮರುಳಾಗದವನು ಹುಡುಗನಾಗಿರಲು ಯೋಗ್ಯನಲ್ಲವೆಂದೇ ನನ್ನ ಈಗಿನ ಅಭಿಪ್ರಾಯವೂ ಕೂಡ.

ಕೋಟೆಯ ಬಾಗಿಲು ಕಂಡೊಡನೆ ನನ್ನ ನಾಲಗೆ ಸಡಿಲವಾಯಿತು. ಬೆಂಗಳೂರನ್ನು ಸುತ್ತುವರಿದ ನವದುರ್ಗಗಳಲ್ಲಿ ಇದೂ ಒಂದೆಂಬುದನ್ನೂ, ಮಾಗಡಿಯ ಕೆಂಪೇಗೌಡರ ವಂಶದವರಿಗೂ ಇದಕ್ಕೂ ಇದ್ದ ಸಂಬಂಧವನ್ನೂ, 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ದುರ್ಗಮವೆಂದು ಪ್ರಖ್ಯಾತವಾಗಿದ್ದ ಸಾವನದುರ್ಗವನ್ನು ಹಿಡಿದು ಕೆಲವೇ ದಿನಗಳಲ್ಲಿ ಇದನ್ನೂ ವಶಪಡಿಸಿಕೊಂಡದ್ದನ್ನೂ, ಕಾದಾಡಲು ಬಂದವರ ನಡುವೆಯೇ ರಾಬರ್ಟ್ ಹೋಮನೆಂಬ ಚಿತ್ರಕಾರನೊಬ್ಬನಿದ್ದು ಮೈಸೂರು ಸೀಮೆಯ ನೋಟಗಳನ್ನು ಬರೆದು 1794ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ್ದನ್ನೂ, ಡ್ರೈವರನೂ ಕೇಳುವಂತೆ ಸವಿಸ್ತಾರವಾಗಿ ವರ್ಣಿಸಿದೆ. ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡು ಆಕೆ ಕೇಳಿದ್ದು ಒಂದೇ ಪ್ರಶ್ನೆ:

“ಅಷ್ಟು ಜನ ದಂಡಿಗೆ ನೀರು ಹೊತ್ತೋರು ಯಾರೂಂತ ಬರೆದಿದಾರೇನ್ರೀ?”

ಬರೆದಿದ್ದರೆ ನಾನು ಓದಿರಲಿಲ್ಲ. ಆಗ ಆಕೆ ತಾನು ಹುಡುಗಿಯಾಗಿದ್ದಾಗಿನ ನೀರಿನ ದಾರಿಯನ್ನು ತೋರಿಸಿದಳು: ಯಾವ ಬಾವಿಯ ನೀರು ಫಾಲ್ಗುಣದಲ್ಲೇ ತಳ ಕಂಡು ಕೊಡ ಮುಳುಗುತ್ತಿರಲಿಲ್ಲ, ಯಾವ ಬಂಡೆ ಹೊತ್ತು ಏರುವ ಮುನ್ನವೇ ಕಾದು ಅಂಗಾಲನ್ನು ಸುಡುತ್ತಿತ್ತು, ಪುಳ್ಳೆ ಆಯಲು ಹೋದವರು ಹೊರೆಯಿಳಿಸಿ ಉಸಿರಾಡುತ್ತಿದ್ದ ಕಲ್ಲು ಯಾವುದು. ಆ ಕಲ್ಲಿನ ಮೇಲೆ ನಾನು ಎಷ್ಟೋ ಸಲ ಕುಳಿತು ಸೇನಾಪತಿಯಾಗಿದ್ದೆ! ಅವಳಿಗೆ ಬೆಟ್ಟವೆಂಬುದು ಕೆಲಸದ ಜಾಗ. ನನಗೆ ರಜೆಯ ಆಟದ ಬಯಲು. ಮೇಲಿನವರೆಗೆ ಒಮ್ಮೆಯೂ ಹೋಗಿಲ್ಲವೆಂದು ಆಕೆ ಹೇಳಿದಾಗ ನಾನು ಬೆರಗಾದೆ. “ಹೋಗೋಕೆ ಯಾರು ಬಿಡ್ತಿದ್ರು? ಹೋದ್ರೆ ದನ ಕಟ್ಟೋರು ಯಾರು?” ಎಂದಳು, ದೂರಿನ ಛಾಯೆಯೂ ಇರಲಿಲ್ಲ, ಅಳತೆ ಹೇಳುವ ಶ್ಯಾನುಭೋಗರ ಧಾಟಿ.

ರೊಟ್ಟಿಯನ್ನೂ ಹುಚ್ಚೆಳ್ಳು ಚಟ್ನಿಯನ್ನೂ ಬುತ್ತಿ ಕಟ್ಟಿಕೊಂಡು ಏರತೊಡಗಿದೆವು. ಒಂದರ ಮೇಲೊಂದಾಗಿ ಬರುವ ಕೋಟೆಬಾಗಿಲುಗಳಲ್ಲಿ ಮೊದಲಿನವು ನನಗೆ ಗೌರವ ಕೊಟ್ಟವು. ಮುಂದಿನದೊಂದರ ಹೊಸ್ತಿಲಲ್ಲಿ ಬಲಮೊಣಕಾಲು ತನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸಿತು. ಇಳಿದುಬಿಡೋಣವೆಂದು ನಾನು ಸೂಚಿಸಿದೆ. ಆಕೆ ಸೆರಗನ್ನು ಸೊಂಟಕ್ಕೆ ಬಿಗಿದು, ಅಲ್ಲೇ ಆಡು ಮೇಯಿಸುತ್ತಿದ್ದ ಹುಡುಗಿಯೊಬ್ಬಳನ್ನು “ಬಾರೇ ಮಗಾ, ಗುಡಿ ತೋರಿಸು” ಎಂದು ಕರೆದು, ನನ್ನ ಕೊಡೆಯನ್ನು ಊರುಗೋಲಾಗಿ ಕಸಿದುಕೊಂಡು, ಹಿಂದಿರುಗಿ ನೋಡದೆ ನಡೆದೇಬಿಟ್ಟಳು.

ಹುಡುಗಿಯ ಆಡುಗಳನ್ನು ಕಾಯುವ ಹೊಣೆ, ಹೇಳದೆ ಕೇಳದೆ, ನನ್ನ ಪಾಲಿಗೆ ಬಂತು. ಆಡಿನ ಬುದ್ಧಿ ಇತಿಹಾಸಕ್ಕೆ ಸಂಬಂಧಿಸಿದ್ದಲ್ಲ, ಬುತ್ತಿಗೆ ಸಂಬಂಧಿಸಿದ್ದು. ಗಾರೆಯಿಲ್ಲದೆ ಒಂದರ ಮೈಗೊಂದು ಆತು ನಿಂತ ಆ ಗೋಡೆಯ ಕಲ್ಲುಗಳನ್ನು ಮೊದಲ ಬಾರಿಗೆ ನಾನು ಬೇರೊಂದು ಕಣ್ಣಿನಿಂದ ನೋಡಿದೆನಾದರೆ, ಅದಕ್ಕೆ ಕಾರಣ ಆಕೆಯ ಪ್ರಶ್ನೆ: ಇವನ್ನು ಇಲ್ಲಿಗೆ ಎತ್ತಿದವರೂ, ಎತ್ತಿದವರಿಗೆ ಮುದ್ದೆ ತಂದವರೂ ಈ ತಪ್ಪಲಿನವರೇ ಆಗಿದ್ದಿರಬೇಕು. ಅವರನ್ನು ಯಾವ ಹೋಮನೂ ಕೂರಿಸಿ ಚಿತ್ರ ಬರೆದಂತಿಲ್ಲ.

ಬಹಳ ಹೊತ್ತಿನ ಮೇಲೆ ಇಬ್ಬರೂ ನಗುತ್ತ ಇಳಿದು ಬಂದರು. ಪೂರ್ವಕ್ಕೆ ಮಾಗಡಿಯ ಕಡೆ ಸಾವನದುರ್ಗವೂ, ಉತ್ತರಕ್ಕೆ ಶಿವಗಂಗೆಯೂ ಕಂಡವಲ್ಲವೇ ಎಂದು ನಾನು ಆತುರದಿಂದ ವಿಚಾರಿಸಿದೆ. “ಕಂಡ್ವು, ಎಲ್ಲಿ ಹೋಗ್ತವೆ?” ಎಂದು ಅದನ್ನು ಅಲ್ಲಿಗೇ ಬಿಟ್ಟು, ಮೇಲಿನ ಬಂಡೆಯ ದೊಣೆಯಲ್ಲಿ ಈಗಲೂ ನೀರಿರುವುದನ್ನೂ, ಬಸವಣ್ಣನ ಬೆನ್ನಿನ ಮೇಲೆ ಕೂತು ಆ ಹುಡುಗಿ ನೆಲ್ಲಿಕಾಯಿ ತಿಂದದ್ದನ್ನೂ, ತನ್ನ ತವರಿನ ಹಿತ್ತಿಲು ಅಲ್ಲಿಂದ ಅಂಗೈಯಗಲ ಕಾಣುವುದನ್ನೂ ಹೇಳಿ ಮುಗಿಸುವ ಹೊತ್ತಿಗೆ ಉಳಿದ ರೊಟ್ಟಿಯೂ ಮುಗಿದಿತ್ತು.

“ಮುಂದಿನ ವರ್ಷ ಅಕ್ಕನ್ನ ಕರ್ಕೊಂಡು ಬರ್ತೀನಿ, ಅವಳೂ ಹತ್ತಿಲ್ಲ,” ಎಂದಳು. “ನೀವು ಬರೋದಾದ್ರೆ ಬನ್ನಿ. ಆಡು ಕಾಯೋಕೆ ಒಬ್ಬರು ಬೇಕಲ್ಲ.”